ಮೋಟಾರು ಗಾಡಿಯೂ ವಿದ್ಯುತ್ತಿನ ಒತ್ತಡವೂ



ಸ್ಟೆಬಿಲೈಸರ್ ಎಂಬ ಮಾತನ್ನು ಬೆಂಗಳೂರಿನ ಗೃಹಸ್ಥರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಫ್ರಿಜ್ಜಿನ ಪಕ್ಕದ ಗೋಡೆಗೆ ನೇತುಬಿದ್ದು, ಆಗಾಗ 'ಟಕ್' ಎಂದು ಸದ್ದುಮಾಡುವ ತಗಡಿನ ಪೆಟ್ಟಿಗೆಯನ್ನು ನಾವೆಲ್ಲರೂ ಕಂಡವರೇ. ಬೀದಿಯ ತಂತಿಯಲ್ಲಿ 230 ವೋಲ್ಟಿನಷ್ಟಿರಬೇಕಾದ ಒತ್ತಡವು ಸಂಜೆಯ ಹೊತ್ತಿಗೆ ತೀರ ಕುಗ್ಗಿತೆಂದರೆ, ಆ ಪೆಟ್ಟಿಗೆಯೊಳಗಿನ ಒಂದು ರಿಲೇ ಹೊರಳಿ, ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಬೇರೊಂದು ಕವಲನ್ನು ಹಿಡಿಯುತ್ತದೆ, ಇಳಿದದ್ದು ಏರುತ್ತದೆ. ಆ ಹೊರಳುವಿಕೆಯ ಶಬ್ದವೇ ನಾವು ಕೇಳುವ 'ಟಕ್'. ಇದೇ ಹೆಸರನ್ನು ಹೊತ್ತ ಮತ್ತೊಂದು ಪೆಟ್ಟಿಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಅದು ಮೋಟಾರು ಗಾಡಿಯೊಳಗಿಡುವಂಥದು, ಮನೆಯಲ್ಲಿಯೇ ಕಟ್ಟಿದ್ದು, ಕಟ್ಟಿದವರು ನಾವೇ. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಶಾಲೆಯಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತರಾದವರು. ಆದುದರಿಂದ ತಿಳಿದವರಿಗೆ ಈ ಮಾತುಗಳಲ್ಲಿ ಹೊಸದೇನೂ ಇರಲಾರದು. ನಮ್ಮಂತೆ ತಿಳಿಯದೆ ಕೈಹಾಕುವವರಿಗೆ ಪ್ರಯೋಜನವಾದರೂ ಆದೀತು.

ನಮ್ಮ ವಾಸ ಆರ್. ಟಿ. ನಗರದಲ್ಲಿ. 2019ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನ ಒಂದು ರಾತ್ರಿ, ಯಲಹಂಕದಲ್ಲಿ ನಂಟರ ಮನೆಯ ಊಟವನ್ನು ಮುಗಿಸಿಕೊಂಡು, ಹೆಂಡತಿಯನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹಿಂದಿರುಗುತ್ತಿದ್ದೆವು. ಜಡಿಮಳೆ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಆದದ್ದು. 2008ರಲ್ಲಿ ದೇವನಹಳ್ಳಿಯ ಕಡೆ ವಿಮಾನನಿಲ್ದಾಣವು ತೆರೆದ ಮೇಲೆ ಆ ಸೇತುವೆಯ ಮೇಲೆ ನಿಂತು ಕಾಯುವುದು ಊರಿನವರಿಗೆ ಒಂದು ವ್ರತದಂತಾಗಿಬಿಟ್ಟಿತು. ಅಂದೂ ಹಾಗೆಯೇ ನಿಂತೆವು. ಗಾಜು ಒರೆಸುವ ವೈಪರು ಆಡುತ್ತಿತ್ತು. ಗಾಜಿನ ಮೇಲಣ ಮಂಜು ಹೋಗಲೆಂದು ಗಾಳಿಯ ಬ್ಲೋವರನ್ನು ಹಾಕಿದ್ದೆವು. ಮುಂದಿನ ದೀಪಗಳೆರಡೂ ಉರಿಯುತ್ತಿದ್ದವು. ನಿಂತಲ್ಲಿಯೇ ನಿಂತಂತೆ ಆ ದೀಪಗಳು ಮೊದಲು ಹಳದಿಗೆ ತಿರುಗಿ, ಆಮೇಲೆ ಎಣ್ಣೆ ತೀರಿದ ಲಾಟೀನಿನಂತೆ ಕೆಂಪಗಾದವು. ಬ್ರೇಕಿನ ಮೇಲೆ ಕಾಲಿಟ್ಟರೆ ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ. ಅಂತೂ ದಾರಿ ಬಿಟ್ಟಿತು. ಸೇತುವೆಯಿಂದಿಳಿದು ಮೇಖ್ರಿ ವೃತ್ತದ ಕಡೆಗೆ ಬರುತ್ತಿದ್ದಾಗ, ಸೈಕಲ್ಲನ್ನು ಕೈಯಲ್ಲಿ ತಳ್ಳಿಕೊಂಡು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ ಮನುಷ್ಯನೊಬ್ಬನು ನಮ್ಮ ಕಣ್ಣಿಗೆ ಬಿದ್ದದ್ದು ನಾಲ್ಕು ಮಾರು ದೂರದಲ್ಲಿ. ಹೇಗೆ ತಪ್ಪಿಸಿದೆವೋ ಇಂದಿಗೂ ಹೇಳಲಾರೆವು. ಆತ ತಿರುಗಿಯೂ ನೋಡಲಿಲ್ಲ. ಮನೆ ಸೇರುವತನಕ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಮಾರನೆಯ ದಿನ ಈ ಸಂಗತಿಯನ್ನು ಕೇಳಿದ ನಮ್ಮ ಅಕ್ಕನ ಮಗನು, "ಮಾವ, ನಿಮ್ಮ ಗಾಡಿಗೆ ಸ್ಟೆಬಿಲೈಸರ್ ಇಲ್ಲ. ಅದಕ್ಕೇ ಹೀಗೆ. ನಾನು ನನ್ನ ಗಾಡಿಗೆ ಕಟ್ಟಿಕೊಂಡಿದ್ದೇನೆ, ಒಂದು ಭಾನುವಾರದ ಕೆಲಸ," ಎಂದನು. ಇಂಥ ಪೆಟ್ಟಿಗೆಗಳ ಶೋಕಿ ಜಪಾನಿನಿಂದ ಬಂದದ್ದು. ಅಲ್ಲಿ ಮಾರುತ್ತಿದ್ದ ಒಂದರ ಹೆಸರು 'ರೈಜಿನ್', ಅಂದರೆ ಸಿಡಿಲಿನ ದೇವತೆ. ಇನ್ನೊಂದರ ಹೆಸರಿನಲ್ಲಿ ಮಿಂಚೆಂಬ ಅರ್ಥವುಳ್ಳ 'ಇನಾಜ್ಮಾ' ಎಂಬ ಮಾತಿತ್ತು. ದೀಪ ಬೆಳಗುವುದು, ಎಂಜಿನ್ನು ಚುರುಕಾಗುವುದು, ಪೆಟ್ರೋಲು ಉಳಿಯುವುದು, ಹಾಡಿನ ಪೆಟ್ಟಿಗೆಯ ಸ್ವರ ತಿಳಿಯಾಗುವುದು, ಇವೆಲ್ಲವೂ ಅದರಿಂದ ಆಗತಕ್ಕದ್ದೆಂದು ಹೇಳಿಕೆ. ಇಷ್ಟೊಂದು ರೋಗಗಳಿಗೆ ಒಂದೇ ಮದ್ದನ್ನು ಹೇಳುವವರನ್ನು ಸಂತೆಯಲ್ಲಿ ಕಂಡರೆ ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಆ ಸೈಕಲ್ಲಿನವನ ಬೆನ್ನು ಕಣ್ಣಮುಂದಿತ್ತು, ನಗಲಿಲ್ಲ.

ಪೆಟ್ಟಿಗೆಯೊಳಗೆ ಇರುವುದಾದರೂ ಏನು? ಧಾರಕಗಳು. ಇಂಗ್ಲಿಷಿನಲ್ಲಿ ಕೆಪ್ಯಾಸಿಟರ್ ಎನ್ನುವುದುಂಟು; ನಮ್ಮ ಹಳೆಯ ಮೆಕ್ಯಾನಿಕರ ಬಾಯಲ್ಲಿ ಅದು 'ಕಂಡೆನ್ಸರ್'. ಅಂಬಾಸಿಡರ್, ಫಿಯಟ್ ಗಾಡಿಗಳನ್ನು ಓಡಿಸಿದ ಹಿರಿಯರಿಗೆ "ಪಾಯಿಂಟ್ ಉಜ್ಜಿ ಕಂಡೆನ್ಸರ್ ಬದಲಾಯಿಸಬೇಕು" ಎಂಬ ವಾಕ್ಯ ಬಾಯಿಪಾಠವಾಗಿರಬೇಕು. 1745-46ರ ಸುಮಾರಿಗೆ ಹಾಲೆಂಡಿನ ಲೈಡೆನ್ ಪಟ್ಟಣದಲ್ಲಿ ಗಾಜಿನ ಜಾಡಿಯೊಂದರಲ್ಲಿ ವಿದ್ಯುತ್ತನ್ನು ಹಿಡಿದಿಟ್ಟರಲ್ಲ, ಅದರ ವಂಶದ್ದೇ ಇದು. ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತನ್ನು ಹಾಯಗೊಡದ ಒಂದು ತೆಳುಪೊರೆ. ಇಷ್ಟನ್ನು ಚಾಪೆಯಂತೆ ಸುತ್ತಿ ಡಬ್ಬಿಯಲ್ಲಿಟ್ಟರೆ ಧಾರಕವಾಯಿತು. ಬ್ಯಾಟರಿಯು ರಸಾಯನಕ್ರಿಯೆಯಿಂದ ವಿದ್ಯುತ್ತನ್ನು ಕೊಡುತ್ತದೆ; ಧಾರಕವು ಕೊಟ್ಟದ್ದನ್ನು ಹಾಗೆಯೇ ಇಟ್ಟುಕೊಂಡು ಕೇಳಿದೊಡನೆ ಹಿಂದಕ್ಕೆ ಕೊಡುತ್ತದೆ. ಮೊದಲನೆಯದನ್ನು ಮಾಳಿಗೆಯ ಮೇಲಿನ ನೀರಿನ ತೊಟ್ಟಿಗೂ ಎರಡನೆಯದನ್ನು ನಲ್ಲಿಯ ಬಳಿಯಿಟ್ಟ ಚೆಂಬಿಗೂ ಹೋಲಿಸಬಹುದು. ಚೆಂಬಿನಿಂದ ನೀರು ಬೇಗ ಬರುತ್ತದೆ. ಎಷ್ಟು ಬರುತ್ತದೆಂಬುದನ್ನು ಅಂದು ನಾವು ಕೇಳಿಕೊಳ್ಳಲಿಲ್ಲ.

ಸಾದರ ಪತ್ರಪ್ಪ ರಸ್ತೆಗೆ, ಎಲ್ಲರೂ ಎಸ್. ಪಿ. ರೋಡ್ ಎನ್ನುವ ಆ ಬೀದಿಗೆ, ಹೋಗಿ ಸಾಮಾನು ತಂದೆವು. 10,000, 4,700, 2,200, 1,000, 100 ಮೈಕ್ರೋಫ್ಯಾರಡ್‌ಗಳ ಐದು ಧಾರಕಗಳು. ಕೂಡಿದರೆ ಒಟ್ಟು 18,000. ದೊಡ್ಡದು ನಿಧಾನವಾದ ಏರಿಳಿತಕ್ಕೆ, ಚಿಕ್ಕದು ಚುರುಕಾದ ಏರಿಳಿತಕ್ಕೆ ಎಂಬುದು ಈ ಬಗೆಬಗೆಯ ಗಾತ್ರಗಳ ಹಿಂದಿನ ತರ್ಕ. ಅಂಗಡಿಯವರು 16 ವೋಲ್ಟಿನವನ್ನು ಮುಂದಿಟ್ಟರು. ಸೋದರಳಿಯನು ಬೇಡವೆಂದು 35 ವೋಲ್ಟಿನವನ್ನು ಕೇಳಿ ತೆಗೆದುಕೊಂಡನು. ಇದರಲ್ಲಿ ಅವನು ಸರಿ. ಗಾಡಿಯ ಒತ್ತಡ ಎಂದಿನಂತೆ ಹದಿನಾಲ್ಕರ ಆಸುಪಾಸಿನಲ್ಲಿದ್ದರೂ, ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿ ಸಡಿಲಿ ಕಳಚಿಕೊಂಡಿತೆಂದರೆ ಕ್ಷಣಕಾಲ ಅದು ಹಲವು ಪಟ್ಟು ಮೇಲಕ್ಕೆ ನೆಗೆಯುವುದುಂಟು. ಶಾಖವನ್ನು ತಡೆಯಲೆಂದು 105 ಡಿಗ್ರಿ ಎಂದು ಮುದ್ರೆಯಿದ್ದವನ್ನೇ ಆರಿಸಿದೆವು. ಹತ್ತು ಡಿಗ್ರಿ ಶಾಖ ಹೆಚ್ಚಿದಂತೆಲ್ಲ ಇಂಥ ಧಾರಕದ ಆಯುಸ್ಸು ಸುಮಾರು ಅರ್ಧಕ್ಕಿಳಿಯುವುದು. ಜೆ. ಸಿ. ರಸ್ತೆಯಲ್ಲಿ ದಪ್ಪ ತಂತಿ, ತಾಮ್ರದ ಲಗ್ಗುಗಳು, ಒಂದು ಫ್ಯೂಸಿನ ಮನೆ, ಹತ್ತು ಆಂಪಿಯರ್ ಫ್ಯೂಸುಗಳು ಸಿಕ್ಕಿದವು. ಇವೆಲ್ಲವೂ ಒಂದು ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ. ಡಬ್ಬಿಯ ಮುಖದ ಮೇಲೆ, ಶೋಭೆಗಾಗಿ, ವೋಲ್ಟನ್ನು ಕೆಂಪು ಅಂಕಿಗಳಲ್ಲಿ ತೋರಿಸುವ ಒಂದು ಚಿಕ್ಕ ಮೀಟರು.

ಕಟ್ಟುವ ಕೆಲಸದಲ್ಲಿ ಎರಡು ಮೂರು ಅಪಾಯಗಳುಂಟು. ಅವನ್ನು ಹೇಳದೆ ಬಿಡುವುದು ತಪ್ಪಾದೀತು. ಈ ಧಾರಕಗಳಿಗೆ ಧನ ಋಣವೆಂಬ ಭೇದವಿದೆ. ತಿರುಗಿಸಿ ಜೋಡಿಸಿದರೆ ಒಳಗೆ ಕಾದು, ಅನಿಲವೆದ್ದು, ಡಬ್ಬಿಯ ನೆತ್ತಿ ಬಿರಿದು ಸಿಡಿಯುತ್ತದೆ. ಫ್ಯೂಸನ್ನು ಬ್ಯಾಟರಿಯ ಧನಾಗ್ರದ ಮಗ್ಗುಲಲ್ಲಿಯೇ ಇಡತಕ್ಕದ್ದು. ಫ್ಯೂಸಿಗೆ ಮುಂಚಿನ ತಂತಿ ಎಲ್ಲಿಯಾದರೂ ಉಜ್ಜಿ ಗಾಡಿಯ ಮೈಗೆ ತಗುಲಿತೆಂದರೆ ನೂರಾರು ಆಂಪಿಯರುಗಳು ಒಮ್ಮೆಲೇ ಹರಿದು ತಂತಿಯೇ ಬೆಂಕಿಯಾಗುತ್ತದೆ. ಇನ್ನು ಬರಿದಾದ ಧಾರಕವನ್ನು ನೇರವಾಗಿ ಬ್ಯಾಟರಿಗೆ ತಾಗಿಸಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಜಲಜನಕ ಹೊರಡುತ್ತಿರುವ ಜಾಗದಲ್ಲಿ ಕಿಡಿ ಹಾರಿಸುವುದು ಒಳ್ಳೆಯದಲ್ಲ. ಆದಕಾರಣ ಮೊದಲು ಒಂದು ಚಿಕ್ಕ ಬಲ್ಬಿನ ಮೂಲಕ ಧಾರಕಗಳನ್ನು ತುಂಬಬೇಕು. ಬಲ್ಬು ಒಮ್ಮೆ ಮಿನುಗಿ ಆರಿಹೋಗುತ್ತದೆ. ತುಂಬಿತೆಂಬುದಕ್ಕೆ ಅದೇ ಗುರುತು. ಮೊಮ್ಮಗಳಿಗೆ ಈ ಮಿನುಗು ಎಷ್ಟು ಹಿಡಿಸಿತೆಂದರೆ, ಮೂರು ಸಲ ತುಂಬಿ ಬರಿದುಮಾಡಿ ತೋರಿಸಬೇಕಾಯಿತು.

ಬ್ಯಾಟರಿಯ ತುದಿಗಳ ಮೇಲೆ ಬೂದುಬಣ್ಣದ ಕಿಲುಬು ಕಟ್ಟಿತ್ತು. ಹೊಸ ಲಗ್ಗುಗಳನ್ನು ಕೂರಿಸಬೇಕಾದ್ದರಿಂದ ಅದನ್ನು ಬಿಸಿನೀರು ಸುರಿದು ತೊಳೆದು, ಉಜ್ಜುಕಾಗದದಿಂದ ತಿಕ್ಕಿ, ಬೋಲ್ಟುಗಳನ್ನು ಬಿಗಿದೆವು. ಈ ಸಂಗತಿಯನ್ನು ಜ್ಞಾಪಕದಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇವೆ.

ಕೀಲಿ ತಿರುಗಿಸಿದೊಡನೆ ಗಾಡಿ ಹೊರಟಿತು. ಹಿಂದೆಂದೂ ಅಷ್ಟು ಚುರುಕಾಗಿ ಹೊರಟದ್ದಿಲ್ಲ. ದೀಪ ತುಸು ಬೆಳ್ಳಗಾದಂತೆ ಕಂಡಿತು. ಕೆಂಪು ಅಂಕಿಗಳು 14.1 ಎಂದು ತೋರಿಸಿದವು. ನಾವು ಬೀದಿಯವರಿಗೆಲ್ಲ ಹೇಳಿಕೊಂಡೆವು. ಇಬ್ಬರಿಗೆ ಕಟ್ಟಿಕೊಡುತ್ತೇವೆಂದೂ ಮಾತುಕೊಟ್ಟೆವು. ಮಳೆಗಾಲವೂ ಮುಗಿದಿತ್ತು, ರಾತ್ರಿ ಹೊರಗೆ ಹೋಗುವುದೂ ಕಡಿಮೆಯಾಯಿತು. ರೋಗ ಬಿಟ್ಟಿತೆಂದೇ ಎಣಿಸಿದೆವು.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ನಮ್ಮ ಗಾಡಿ ನಲವತ್ತು ದಿನ ನಿಂತಲ್ಲಿಯೇ ನಿಂತಿತು. ಮೇ ತಿಂಗಳ ಮೊದಲ ವಾರದಲ್ಲಿ, ಹೆಂಡತಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿ ಬಂದ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ, 'ಟಕ್, ಟಕ್, ಟಕ್.' ಫ್ರಿಜ್ಜಿನ ಪಕ್ಕದ ಪೆಟ್ಟಿಗೆಯದೇ ಶಬ್ದ. ಸ್ಟಾರ್ಟರಿನ ರಿಲೇ ಹಿಡಿಯಲು ಹೋಗಿ ಹಿಡಿಯಲಾರದೆ ಬಿಡುತ್ತಿತ್ತು. ನಮ್ಮ ಸ್ಟೆಬಿಲೈಸರಿನ ಮುಖದಲ್ಲಿ 11.4 ಎಂಬ ಅಂಕಿ ಮಂಕಾಗಿ ಉರಿಯುತ್ತಿತ್ತು.

ಅಂದು ನಮ್ಮ ಕೈಹಿಡಿದವರು ನೆರೆಮನೆಯ ಹಿರಿಯರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲೆ ಮಾಪನಯಂತ್ರಗಳನ್ನು ರಿಪೇರಿ ಮಾಡಿದವರು, ಮಾತು ಕಡಿಮೆ. ತಮ್ಮ ಗಾಡಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿ, ಬ್ಯಾಟರಿಯಿಂದ ಬ್ಯಾಟರಿಗೆ ತಂತಿಯೆಳೆದು ನಮ್ಮದನ್ನು ಹೊರಡಿಸಿಕೊಟ್ಟರು. ಸಂಜೆ ಮಲ್ಟಿಮೀಟರನ್ನು ಹಿಡಿದು ಬಂದು ನಮ್ಮ ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, "ಮೇಷ್ಟ್ರೇ, ಈ ಕೆಂಪು ಅಂಕಿಗಳಿಗೆ ಯಾರ ಮನೆಯ ಊಟ?" ಎಂದರು.

ನಮಗೆ ಅರ್ಥವಾಗಲಿಲ್ಲ. ಅವರು ಅಳೆದು ತೋರಿಸಿದರು. ಆ ಚಿಕ್ಕ ಮೀಟರು ಹಗಲೂ ಇರುಳೂ 20 ಮಿಲಿಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಆಂಪಿಯರ್-ಗಂಟೆ; ನಲವತ್ತು ದಿನಕ್ಕೆ ಹತ್ತೊಂಬತ್ತು. ಬ್ಯಾಟರಿ ಹೊಸದಾಗಿದ್ದಾಗಲೇ ಅದರ ಸಾಮರ್ಥ್ಯ 35. ಅದಕ್ಕೂ ವಯಸ್ಸಾಗಿತ್ತು, ಗಾಡಿಯ ಗಡಿಯಾರವೇ ಮೊದಲಾದವು ತಿನ್ನುವುದು ಬೇರೆ. ಒತ್ತಡವನ್ನು ಕಾಯಲೆಂದು ಇಟ್ಟುಕೊಂಡ ಕಾವಲುಗಾರನು ಕಣಜವನ್ನು ತಿಂದುಮುಗಿಸಿದ್ದನು.

"ಅದು ಹೋಗಲಿ, ಪೆಟ್ಟಿಗೆಯಿಂದ ದೀಪ ಬೆಳ್ಳಗಾದದ್ದು ನಿಜವಲ್ಲವೆ?" ಎಂದು ನಾವು ವಾದಕ್ಕೆ ನಿಂತೆವು. ಅವರು ವಾದಿಸಲಿಲ್ಲ. ಕೆಲವು ದಿನಗಳಾದ ಮೇಲೆ ಸೋದರಳಿಯನೂ ಬಂದಿದ್ದಾಗ, ನಮ್ಮಿಬ್ಬರನ್ನೂ ಗಾಡಿಯ ಮುಂದೆ ಗೋಡೆಗೆ ಮುಖಮಾಡಿ ನಿಲ್ಲಿಸಿ, ದೀಪ ಹಾಕಿ, "ನಾನು ಫ್ಯೂಸನ್ನು ತೆಗೆಯುತ್ತೇನೋ ಇಡುತ್ತೇನೋ ಹೇಳುವುದಿಲ್ಲ. ಪೆಟ್ಟಿಗೆ ಈಗ ಗಾಡಿಗೆ ಸೇರಿದೆಯೋ ಇಲ್ಲವೋ, ಗೋಡೆಯ ಮೇಲಿನ ಬೆಳಕನ್ನು ನೋಡಿ ನೀವು ಹೇಳಿ," ಎಂದರು. ಹತ್ತು ಸಲ ಕೇಳಿದರು. ನಾವು ಐದು ಸಲ ಸರಿಯಾಗಿ ಹೇಳಿದೆವು, ಸೋದರಳಿಯನು ನಾಲ್ಕು. ಕಾಸನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಹಾಗಾದರೆ ಅಂದು ಗಾಡಿ ಚುರುಕಾಗಿ ಹೊರಟದ್ದು? ಅದಕ್ಕೆ ಕಾರಣ ಧಾರಕವಲ್ಲ, ಉಜ್ಜುಕಾಗದ! ಪೆಟ್ಟಿಗೆಯನ್ನು ಕೂರಿಸುವ ಸಲುವಾಗಿ ಕಿಲುಬನ್ನು ತೆಗೆದದ್ದರಿಂದ ಆದ ಗುಣವನ್ನು ನಾವು ಪೆಟ್ಟಿಗೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆವು. ಇಂಥ ಪೆಟ್ಟಿಗೆಗಳನ್ನು ಹೊಗಳುವ ಅನೇಕರ ಅನುಭವದ ಗುಟ್ಟು ಇದೇ ಇರಬೇಕೆಂದು ನಮ್ಮ ಊಹೆ.

ಆ ರಾತ್ರಿ ಕಾಗದ ಲೇಖನಿ ಹಿಡಿದು ಅವರು ಹಾಕಿಕೊಟ್ಟ ಲೆಕ್ಕವನ್ನು ಇಲ್ಲಿ ಹೇಳಿಬಿಡುತ್ತೇವೆ. 18,000 ಮೈಕ್ರೋಫ್ಯಾರಡಿನ ಧಾರಕವು 14 ವೋಲ್ಟಿನಲ್ಲಿ ಹಿಡಿದಿಡುವ ಶಕ್ತಿ 1.76 ಜೌಲ್. ಒಂದು ಕಿಲೋ ಅಕ್ಕಿಯ ಚೀಲವನ್ನು ಒಂದು ಗೇಣಿಗಿಂತ ಕಡಿಮೆ ಎತ್ತರಕ್ಕೆ ಎತ್ತಲು ಬೇಕಾದಷ್ಟು. ಬ್ಯಾಟರಿಯಲ್ಲಿರುವುದು ಸುಮಾರು ಹದಿನೈದು ಲಕ್ಷ ಜೌಲ್. ಸಾವಿರ ಕಿಲೋ ತೂಕದ ಗಾಡಿಯನ್ನೇ ನೂರೈವತ್ತು ಮೀಟರ್ ಎತ್ತುವಷ್ಟು. ಮುಂದಿನ ದೀಪಗಳೆರಡೂ ಸೇರಿ ಎಳೆಯುವುದು 9 ಆಂಪಿಯರ್. ಒತ್ತಡವು ಒಂದು ವೋಲ್ಟ್ ಕುಸಿಯುವಷ್ಟರಲ್ಲಿ ನಮ್ಮ ಪೆಟ್ಟಿಗೆ ಆ ದೀಪಗಳನ್ನು ಪೋಷಿಸಬಲ್ಲ ಕಾಲ, ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ನೂರು ಆಂಪಿಯರಿಗೂ ಮೇಲೆ ನುಂಗುವ ಸ್ಟಾರ್ಟರಿಗಾದರೆ ಒಂದು ಪಾಲಿನ ಐದನೆಯ ಒಂದು ಭಾಗವೂ ಇಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ಇಂಥದಕ್ಕಾಗಿಯೇ ಹುಟ್ಟಿತೋ ಏನೋ.

ಮತ್ತೆ, ಗಾಡಿಯಲ್ಲಿ ಒತ್ತಡವನ್ನು ನಿಜವಾಗಿ ಕಾಯುತ್ತಿರುವವರು ಯಾರು? ಕೊಂಡ ದಿನದಿಂದಲೂ ಅದರಲ್ಲಿಯೇ ಇದ್ದು ನಮಗೆ ತಿಳಿಯದೆ ದುಡಿಯುತ್ತಿರುವ ರೆಗ್ಯುಲೇಟರು. ಸೀಸದ ಬ್ಯಾಟರಿಯಲ್ಲಿ ಎರಡು ವೋಲ್ಟಿಗೆ ತುಸು ಮೇಲ್ಪಟ್ಟ ಆರು ಕೋಶಗಳು; ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6ರ ಸುಮಾರು. ಅದನ್ನು ತುಂಬಬೇಕಾದರೆ ಎಂಜಿನ್ನಿನ ಪಟ್ಟಿಯಿಂದ ತಿರುಗುವ ಆಲ್ಟರ್ನೇಟರು 13.8ರಿಂದ 14.5ರವರೆಗಿನ ಒತ್ತಡವನ್ನು ಕೊಡಬೇಕು. ಎಂಜಿನ್ನಿನ ವೇಗವೋ ನಿಂತಾಗ ಒಂದು, ಓಡುವಾಗ ಒಂದು. ವೇಗ ಹೆಚ್ಚಿದಂತೆಲ್ಲ ಒತ್ತಡವೂ ಏರಿದರೆ ಬಲ್ಬು ಸುಟ್ಟು ಬ್ಯಾಟರಿ ಕುದಿದುಹೋಗುತ್ತದೆ. ಹಿಂದಿನ ಡೈನಮೋ ಗಾಡಿಗಳಲ್ಲಿ ಇದನ್ನು ತಡೆಯಲು ಒಂದು ಕರಿಯ ಡಬ್ಬಿಯಿರುತ್ತಿತ್ತು. ಮೆಕ್ಯಾನಿಕರು 'ಕಟೌಟ್' ಎನ್ನುತ್ತಿದ್ದರು. ಅದರೊಳಗಿನ ಕಬ್ಬಿಣದ ನಾಲಗೆಯೊಂದು, ಒತ್ತಡ ಮೀರಿತೆಂದರೆ ಸುರುಳಿಯ ಅಯಸ್ಕಾಂತಕ್ಕೆ ಸೆಳೆಯಲ್ಪಟ್ಟು ಡೈನಮೋವಿನ ಆಹಾರವನ್ನು ಕಡಿಮೆಮಾಡುವುದು. ಒತ್ತಡ ಇಳಿದೊಡನೆ ಬಿಟ್ಟು ಮತ್ತೆ ಉಣಿಸುವುದು. ಸೆಕೆಂಡಿಗೆ ಹತ್ತಾರು ಸಲ ಹೀಗೆ ಅದು ನಡುಗುತ್ತಿತ್ತು. ಈಗ ಆ ನಾಲಗೆಯಿಲ್ಲ. ಆಲ್ಟರ್ನೇಟರಿನ ಬೆನ್ನಿನಲ್ಲಿ ಅಡಗಿರುವ ಬೆರಳಗಲದ ಟ್ರಾನ್ಸಿಸ್ಟರು ಯಂತ್ರವು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಎಂಜಿನ್ನನ್ನು ಆಳುವ ಗಣಕದೊಳಗೆ ಇನ್ನೂ ಒಂದು ಕಾವಲಿದೆ: ಗಾಡಿಯ ಒತ್ತಡ ಹದಿಮೂರಿರಲಿ ಹದಿನಾಲ್ಕಿರಲಿ, ಅದು ತನ್ನ ಪಾಲಿಗೆ ಐದು ವೋಲ್ಟನ್ನು ಬೇರೆಯಾಗಿ ಅಳೆದುಕೊಳ್ಳುತ್ತದೆ. ನಮ್ಮ ಡಬ್ಬಿಯಿಂದ ಪೆಟ್ರೋಲು ಉಳಿಯುವುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಸರಿ, ಕಾವಲುಗಾರನಿದ್ದರೂ ಆ ರಾತ್ರಿ ದೀಪ ಏಕೆ ಕೆಂಪಗಾಯಿತು?

ಇದಕ್ಕೆ ಉತ್ತರ ಎರಡು ಕಡೆ ಇತ್ತು. ಒಂದು, ಆಯವ್ಯಯದ ಲೆಕ್ಕ. ದೀಪಕ್ಕೆ ಒಂಬತ್ತು ಆಂಪಿಯರ್, ಬ್ಲೋವರಿಗೆ ಹತ್ತರ ಮೇಲೆ, ರೇಡಿಯೇಟರಿನ ಫ್ಯಾನಿಗೆ ಸುಮಾರು ಅಷ್ಟೇ, ವೈಪರಿಗೆ ನಾಲ್ಕು, ಎಂಜಿನ್ನಿನ ಪಂಪು ಕಿಡಿ ಮೊದಲಾದವಕ್ಕೆ ಆರೇಳು: ಒಟ್ಟು ನಲವತ್ತರ ಹತ್ತಿರ. ಚಿಕ್ಕ ಗಾಡಿಯ ಆಲ್ಟರ್ನೇಟರು ಓಡುವಾಗ ಇಷ್ಟನ್ನು ಕೊಟ್ಟರೂ ನಿಂತು ಗುನುಗುತ್ತಿರುವಾಗ ಅದರ ಅರ್ಧವನ್ನು ಕೊಟ್ಟರೆ ಹೆಚ್ಚು. ಮಿಕ್ಕದ್ದನ್ನು ಬ್ಯಾಟರಿ ಸಾಲ ಕೊಡಬೇಕು. ಹಳೆಯ ಬ್ಯಾಟರಿ ಎಷ್ಟೆಂದು ಕೊಟ್ಟೀತು? ಮೇಲೆ, ಪಟ್ಟಿ ಸಡಿಲವಾಗಿ ಮಳೆಯಲ್ಲಿ ಜಾರುತ್ತಿತ್ತು. ಮಳೆಯ ರಾತ್ರಿ ಹೆಬ್ಬಾಳದಲ್ಲಿ ಅರ್ಧಗಂಟೆ ನಿಲ್ಲುವುದೆಂದರೆ ಗಾಡಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಇಲ್ಲ.

ಎರಡನೆಯದು ತಂತಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ತೊಂಬತ್ತು ಮೈಲಿಗಳಾಚೆಯ ಕೋಲಾರದ ಗಣಿಗಳಿಗೆ ಒಯ್ದ ಕಥೆಯನ್ನು ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳಿದ್ದೇವೆ; 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಅದರಿಂದಲೇ ಬೆಳಗಿದುವು. ಅಷ್ಟು ದೂರ ಹೇಗೆ ಹೋಯಿತೆಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಹತ್ತಾರು ಸಾವಿರ ವೋಲ್ಟಿನ ಒತ್ತಡದಲ್ಲಿ ಕಳುಹಿಸಿದ್ದರಿಂದ ದಾರಿಯಲ್ಲಿ ನೂರಾರು ವೋಲ್ಟ್ ಸೋರಿದರೂ ನಷ್ಟ ಅಲ್ಪವೇ. ಮೋಟಾರು ಗಾಡಿಯ ಸ್ಥಿತಿ ಇದಕ್ಕೆ ತೀರ ಹಿಂದುಮುಂದು. ಇರುವುದೇ ಹನ್ನೆರಡು ಹದಿನಾಲ್ಕು ವೋಲ್ಟ್. ಎರಡು ಮಾರು ದಾರಿಯಲ್ಲಿ ಒಂದೂವರೆ ವೋಲ್ಟ್ ಸೋರಿದರೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೋದಂತೆ. ದೀಪದ ಬೆಳಕಾದರೋ ಒತ್ತಡದೊಡನೆ ಸಮನಾಗಿ ಇಳಿಯುವುದಿಲ್ಲ. ಒತ್ತಡ ನೂರಕ್ಕೆ ಹತ್ತು ತಗ್ಗಿದರೆ ತಂತಿಯ ಬಲ್ಬಿನ ಬೆಳಕು ನೂರಕ್ಕೆ ಮೂವತ್ತು ತಗ್ಗುತ್ತದೆ.

ಹಿರಿಯರು ಎಂಜಿನ್ನು ಹೊರಡಿಸಿ, ದೀಪ ಹಾಕಿ, ಮೀಟರಿನ ಎರಡು ಕಡ್ಡಿಗಳನ್ನು ಹಿಡಿದರು. ಬ್ಯಾಟರಿಯಲ್ಲಿ 14.1. ದೀಪದ ಹಿಡಿಕೆಯಲ್ಲಿ 12.2. ನಡುವೆ ಎಲ್ಲಿಯೋ 1.9 ವೋಲ್ಟ್ ಕಳವಾಗಿದೆ. ಕಳ್ಳನನ್ನು ಹಿಡಿಯುವ ಕ್ರಮವೂ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಧನಾಗ್ರದಲ್ಲಿ, ಇನ್ನೊಂದು ದೀಪದ ಧನಾಗ್ರದಲ್ಲಿ: 0.7. ಇದು ಸ್ವಿಚ್ಚಿನ ಮತ್ತು ಸಣ್ಣ ತಂತಿಯ ಪಾಲು. ಆಮೇಲೆ ದೀಪದ ಋಣಾಗ್ರದಿಂದ ಬ್ಯಾಟರಿಯ ಋಣಾಗ್ರಕ್ಕೆ: 1.2. ಅಂದರೆ ವಿದ್ಯುತ್ತು ಹೋಗುವಾಗ ಸೋರಿದ್ದಕ್ಕಿಂತ ಮನೆಗೆ ಹಿಂದಿರುಗುವಾಗ ಸೋರಿದ್ದು ಹೆಚ್ಚು. ಮೋಟಾರು ಗಾಡಿಯಲ್ಲಿ ಹಿಂದಿರುಗುವ ದಾರಿಗೆ ಬೇರೆ ತಂತಿಯಿಲ್ಲ; ಗಾಡಿಯ ತಗಡಿನ ಮೈಯೇ ದಾರಿ. ಅದನ್ನು 'ಅರ್ಥ್' ಎನ್ನುತ್ತೇವೆ. ಕಣ್ಣಿಗೆ ಕಾಣದ ಈ ದಾರಿಯ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ.

ಯಶವಂತಪುರದಲ್ಲಿ ಅವರಿಗೆ ಪರಿಚಯವಿದ್ದ ಆಟೋ ಎಲೆಕ್ಟ್ರಿಷಿಯನ್ ಹುಡುಗನ ಬಳಿಗೆ ಹೋದೆವು. ಅವನು ದೀಪದ ಹಿಂದೆ ಕೈತೂರಿಸಿ, ಅರ್ಥ್ ತಂತಿಯನ್ನು ಮೈಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿ, "ನೋಡಿ ಸಾರ್," ಎಂದು ಅಂಗೈಯಲ್ಲಿಟ್ಟನು. ವಾಷರಿನ ಕೆಳಗೆ ಲೋಹವೇ ಇರಲಿಲ್ಲ. ಬಣ್ಣದ ಪದರ, ಅದರ ಕೆಳಗೆ ಕೆಂಪು ತುಕ್ಕು. ಎಂದೋ ಯಾರೋ ಡೊಂಕಾದ ತಗಡನ್ನು ತಟ್ಟಿ ಸರಿಮಾಡಿ ಬಣ್ಣ ಹೊಡೆದಾಗ, ಬಣ್ಣದ ಮೇಲೆಯೇ ಬೋಲ್ಟನ್ನು ತಿರುಗಿಸಿ ಬಿಟ್ಟಿದ್ದರು. ಹುಡುಗನು ತಗಡು ಹೊಳೆಯುವಂತೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದನು. ಬ್ಯಾಟರಿಯ ಋಣಾಗ್ರದಿಂದ ಎಂಜಿನ್ನಿಗೂ ಮೈಗೂ ದಪ್ಪ ತಂತಿಗಳನ್ನು ಹೊಸದಾಗಿ ಎಳೆದನು. ದೀಪಗಳಿಗೆ ಒಂದು ರಿಲೇ ಹಾಕಿ ಸ್ವಿಚ್ಚಿನ ಭಾರವನ್ನು ತಪ್ಪಿಸಿದನು. ಆಲ್ಟರ್ನೇಟರಿನ ಪಟ್ಟಿಯನ್ನು ಬದಲಾಯಿಸಿದನು. ಪೆಟ್ಟಿಗೆಗಾಗಿ ನಾವು ಎಸ್. ಪಿ. ರೋಡಿನಲ್ಲಿ ಸುರಿದದ್ದಕ್ಕಿಂತ ಕಡಿಮೆ ಹಣವನ್ನು ತೆಗೆದುಕೊಂಡನು. ಮತ್ತೆ ಅಳೆದಾಗ ಹಿಂದಿರುಗುವ ದಾರಿಯ ನಷ್ಟ 0.1, ದೀಪದಲ್ಲಿ 13.5. ಮೊದಲಿಗಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು ಬೆಳಕು. ಈ ಸಲ ಗೋಡೆಗೆ ಮುಖಮಾಡಿ ನಿಂತು ಊಹಿಸಬೇಕಾದ ಅಗತ್ಯ ಬೀಳಲಿಲ್ಲ.

ಧಾರಕಗಳಿಂದ ಗಾಡಿಗೆ ಏನೂ ಉಪಯೋಗವಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಈಗ 'ಸೂಪರ್ ಕೆಪ್ಯಾಸಿಟರ್' ಎಂಬುವು ಬಂದಿವೆ. ಒಂದೊಂದು ನೂರಾರು ಫ್ಯಾರಡಿನದು; ತಾಳುವುದು ಸುಮಾರು 2.7 ವೋಲ್ಟ್ ಮಾತ್ರವಾದ್ದರಿಂದ ಆರನ್ನು ಸಾಲಾಗಿ ಪೋಣಿಸಬೇಕು. 350 ಫ್ಯಾರಡಿನ ಆರು ಸೇರಿದರೆ 58 ಫ್ಯಾರಡ್. ನಮ್ಮ ಡಬ್ಬಿಯ ಮೂರು ಸಾವಿರದಷ್ಟು. ಇದು ಸ್ಟಾರ್ಟರಿಗೆ ನಿಜವಾಗಿ ಹೆಗಲು ಕೊಡಬಲ್ಲದು. 2010ರ ಸುಮಾರಿಗೆ ಫ್ರಾನ್ಸಿನ ಸಿಟ್ರೊಯೆನ್, ಪ್ಯೂಜೊ ಗಾಡಿಗಳಲ್ಲಿ, ನಿಂತಾಗ ಎಂಜಿನ್ನು ತಾನೇ ಆರಿ ಮತ್ತೆ ಹೊರಡುವ ಏರ್ಪಾಡಿಗೆ ಇಂಥವನ್ನು ಬಳಸಿದರು. ಆದರೆ ಆರರಲ್ಲಿ ಒಂದಕ್ಕೆ ಪಾಲು ಹೆಚ್ಚಾಗಿ ಬಿದ್ದರೆ ಅದು ಕೆಡುತ್ತದೆ. ಸಮವಾಗಿ ಹಂಚುವ ಮಂಡಲವೊಂದು ಬೇಕು. ತುದಿಗಳೆರಡರ ನಡುವೆ ಮರೆತು ಸ್ಪ್ಯಾನರು ಬಿದ್ದರೆ ಸ್ಪ್ಯಾನರಿನ ತುದಿ ಕರಗಿಹೋಗುತ್ತದೆ. ಅದನ್ನು ಭಾನುವಾರದ ಕೆಲಸವೆಂದು ನಾವಂತೂ ಕೈಗೆತ್ತಿಕೊಳ್ಳಲಾರೆವು.

ನಮ್ಮ ಪೆಟ್ಟಿಗೆಯ ಗತಿ ಏನಾಯಿತೆಂದು ಕೇಳಬಹುದು. ಅದನ್ನು ಬಿಚ್ಚಿದೆವು. ಆದರೆ ಅದರಲ್ಲೊಂದು ಧಾರಕಕ್ಕೆ ಕೆಲಸ ಸಿಕ್ಕಿತು. ಆಲ್ಟರ್ನೇಟರು ಹುಟ್ಟಿಸುವುದು ಮೂರು ಹಂತದ ಪರ್ಯಾಯ ವಿದ್ಯುತ್ತು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದರೂ ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಸಣ್ಣ ಅಲೆಗಳು ಉಳಿದೇ ಉಳಿಯುತ್ತವೆ. ಗಾಡಿಯ ರೇಡಿಯೋವಿನಲ್ಲಿ, ಆಕ್ಸಿಲರೇಟರನ್ನು ಒತ್ತಿದಂತೆಲ್ಲ ಶ್ರುತಿ ಏರುತ್ತಾ ಹೋಗುವ ಒಂದು ಕೀರಲು ದನಿಯನ್ನು ನೀವು ಕೇಳಿರಬಹುದು. ಅದು ಈ ಅಲೆಗಳದು. ಎರಡು ಸಾವಿರಾಂಶ ಸೆಕೆಂಡಿನ ಮಟ್ಟಿಗೆ ದುಡಿಯಬಲ್ಲ ಧಾರಕಕ್ಕೆ ಸಾವಿರಾಂಶದ ಅಲೆಯೇ ತಕ್ಕ ಎದುರಾಳಿ. ಹಿರಿಯರು ನಮ್ಮ 2,200ರ ಧಾರಕವನ್ನು, ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಒಂದು ಸುರುಳಿಯೊಡನೆ, ರೇಡಿಯೋವಿಗೆ ಹೋಗುವ ತಂತಿಯಲ್ಲಿ ಸೇರಿಸಿದರು. ಕೀಲಿ ತೆಗೆದರೆ ಆ ತಂತಿಯೂ ಆರಿಹೋಗುವುದರಿಂದ ಬ್ಯಾಟರಿಯನ್ನು ತಿನ್ನುವ ಭಯವೂ ಇಲ್ಲ.

ಆ ವರ್ಷದ ಮಳೆಗಾಲದಲ್ಲಿ ಮತ್ತೊಂದು ರಾತ್ರಿ ಯಲಹಂಕದಿಂದ ಹಿಂದಿರುಗುತ್ತಿದ್ದೆವು. ಮಳೆ ಅಷ್ಟೇ ಇತ್ತು. ಸೇತುವೆಯ ಮೇಲೆ ಕಾಯುವುದೂ ತಪ್ಪಲಿಲ್ಲ. ಬ್ಲೋವರನ್ನು ಒಂದು ಮೆಟ್ಟಿಲು ತಗ್ಗಿಸಿ, 612 ಕಿಲೋಹರ್ಟ್ಸಿನಲ್ಲಿ ಬೆಂಗಳೂರು ಆಕಾಶವಾಣಿಯನ್ನು ಹಾಕಿದೆವು. ವೀಣೆ ನುಡಿಯುತ್ತಿತ್ತು, ಅದರ ಹಿಂದೆ ಕೀರಲಿಲ್ಲ. ಸೇತುವೆಯಿಂದಿಳಿದು ಬರುವಾಗ ಹೆಂಡತಿ ಸುಮ್ಮನೆ ರಸ್ತೆಯ ಅಂಚಿನ ಕಡೆಗೆ ಬೊಟ್ಟುಮಾಡಿದಳು. ಕೊಡೆ ಹಿಡಿದ ಇಬ್ಬರು ನಡೆದುಹೋಗುತ್ತಿದ್ದರು; ನಾವಿನ್ನೂ ಅವರಿಂದ ಬಹಳ ದೂರದಲ್ಲಿದ್ದೆವು.